ಸಾಟಿ

ದುಡ್ಡಿಲ್ಲದೆ ವಸ್ತುವಿಗೆ ವಸ್ತು ಕೊಟ್ಟು ಕೊಳ್ಳುವುದು ಸಾಟಿ ವ್ಯಾಪಾರ. ರಾಗಿ ಕೊಟ್ಟು ಉಪ್ಪು ತಂದರೆ ಸಾಟಿ. ಎರಡು ಮನೆಯವರು ಹೆಣ್ಣು ಕೊಟ್ಟು ಹೆಣ್ಣು ತಂದರೆ ಸಾಟಿ ಮದುವೆ. ಮರಾಠಿಯ ‘ಸಾಟೆಲೋಟೆ’ಯಲ್ಲೂ ಇದೇ ಕೊಡುಕೊಳ್ಳುವ ಅರ್ಥವಿದೆ. ಸಾಟಿಗೆ ‘ಸಮಾನ’ ಎಂಬ ಅರ್ಥವೂ ಉಂಟು: ‘ಅವನಿಗೆ ಸಾಟಿಯಿಲ್ಲ’. ಎರಡು ಅರ್ಥಕ್ಕೂ ನಂಟಿದೆ. ಸರಿಸಮ ಅನ್ನಿಸದೆ ವಿನಿಮಯ ಕುದುರುವುದಿಲ್ಲ.

ಅಮೆರಿಕದ ಬೇಸ್‌ಬಾಲ್‌ನ ‘ಟ್ರೇಡ್’ಗೆ ಈ ಪದ ಚೆನ್ನಾಗಿ ಹೊಂದುತ್ತದೆ. ಅಲ್ಲಿ ತಂಡಗಳು ಆಟಗಾರನಿಗೆ ಆಟಗಾರನನ್ನೇ ಸಾಟಿ ಮಾಡುತ್ತವೆ. 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ 20ರ ಹರೆಯದ ಜಾನ್ ಸ್ಮೋಲ್ಟ್ಸ್‌ನನ್ನು ಅಟ್ಲಾಂಟಾ ಬ್ರೇವ್ಸ್‌ಗೆ ಕೊಟ್ಟು, 36ರ ಪಿಚರ್ (ಚೆಂಡೆಸೆಗಾರ) ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದಿತು. ಆತ ಆ ಋತುವಿನಲ್ಲಿ ಟೈಗರ್ಸ್ ಪರ ಸೋಲೇ ಇಲ್ಲದೆ 9 ಪಂದ್ಯ ಗೆದ್ದ. ಟೈಗರ್ಸ್ ತನ್ನ ವಿಭಾಗದಲ್ಲಿ ಅಗ್ರಸ್ಥಾನ ಪಡೆಯಿತು. 1989ರ ನಂತರ ಅಲೆಕ್ಸಾಂಡರ್ ಆಡಲಿಲ್ಲ. ಸ್ಮೋಲ್ಟ್ಸ್ ಪಿಚರ್ ಆಗಿ ಒಟ್ಟು 213 ಗೆಲುವು ಗಳಿಸಿ 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಆ ಒಂದು ಋತುವಿಗೆ ಅದು ಸರಿಯಾದ ಸಾಟಿಯೇ. ಇಪ್ಪತ್ತು ವರ್ಷದ ಲೆಕ್ಕ ಹಾಕಿದರೆ ಮಾತ್ರ, ಅದು ಸಾಟಿಯಲ್ಲದ ಸಾಟಿ.