ಬೀಜದೊಳಗಿನ ಬೀಗ

ಸಸ್ಯಗಳ ಜೀವನವ್ಯಾಪಾರವೆಲ್ಲವೂ ಕಿಣ್ವಗಳೆಂಬ ಸೂಕ್ಷ್ಮವಸ್ತುಗಳ ಮೂಲಕವೇ ನಡೆಯುತ್ತದೆ. ಒಂದೊಂದು ಕಿಣ್ವವೂ ತನಗೆ ಒಪ್ಪಿದ ಪದಾರ್ಥವನ್ನಷ್ಟೇ ಹಿಡಿದು ಮಾರ್ಪಡಿಸುತ್ತದೆ, ಮಿಕ್ಕವನ್ನು ಮುಟ್ಟದು. ಈ ಆಯ್ಕೆಯ ಗುಟ್ಟು ಆಕಾರದಲ್ಲಿದೆಯೆಂದು ಸೂಚಿಸಿದವನು ಜರ್ಮನಿಯ ಎಮಿಲ್ ಫಿಷರ್. ಬಾದಾಮಿಯ ಕಿಣ್ವವು ಒಂದು ಗ್ಲೂಕೋಸೈಡನ್ನು ಒಡೆದು, ಅದನ್ನೇ ಬಹುಮಟ್ಟಿಗೆ ಹೋಲುವ ಮತ್ತೊಂದನ್ನು ಹಾಗೆಯೇ ಬಿಡುವುದನ್ನು ಕಂಡು, 1894ರಲ್ಲಿ ಆತನು ಬೀಗ ಮತ್ತು ಬೀಗದಕೈಗಳ ಹೋಲಿಕೆಯನ್ನು ಕೊಟ್ಟನು. ಆದರೆ ಆ ಬೀಗವು ಯಾವ ವಸ್ತುವಿನಿಂದಾದುದೆಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ.

ಅದನ್ನು ತೋರಿಸಿಕೊಟ್ಟವನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಸಮ್ನರ್. ಹದಿಹರೆಯದಲ್ಲಿಯೇ ಬೇಟೆಯ ಅಪಘಾತದಿಂದ ಎಡಗೈಯನ್ನು ಕಳೆದುಕೊಂಡಿದ್ದ ಈತನು, ಕತ್ತಿಯಂತೆ ನೀಳವಾದ ಕಾಯಿ ಬಿಡುವ ಜ್ಯಾಕ್ ಬೀನ್ ಎಂಬ ಅವರೆಯ ಜಾತಿಯ ಬೀಜದಿಂದ ಯೂರಿಯೇಸ್ ಕಿಣ್ವವನ್ನು ಬೇರ್ಪಡಿಸಲು 1917ರಲ್ಲಿ ತೊಡಗಿದನು. ಒಂಬತ್ತು ವರ್ಷಗಳ ಬಳಿಕ, 1926ರಲ್ಲಿ, ಅದರ ಹರಳುಗಳು ದೊರೆತವು. ಕಿಣ್ವವೆಂದರೆ ಪ್ರೋಟೀನೇ ಎಂದು ಆತನು ಸಾರಿದಾಗ ಜರ್ಮನಿಯ ವಿದ್ವಾಂಸರು ಒಪ್ಪಲಿಲ್ಲ. 1946ರಲ್ಲಿ ನೊಬೆಲ್ ಪಾರಿತೋಷಕವು ಆತನಿಗೆ ಸಂದಿತು.

ಹರಳು ದೊರೆತರೂ ಅದರೊಳಗಿನ ವಿನ್ಯಾಸವು ತಿಳಿಯಲು ಎಂಟು ದಶಕಗಳಿಗೂ ಮಿಗಿಲಾದ ಕಾಲ ಹಿಡಿಯಿತು. ನಮ್ಮ ಮಡಕಶಿರವು 1953ರವರೆಗೆ ಯಾವ ಮದರಾಸಿಗೆ ಸೇರಿತ್ತೋ, ಅದೇ ಮದರಾಸಿನ ವಿಶ್ವವಿದ್ಯಾನಿಲಯದಲ್ಲಿ ಬಾಲಸುಬ್ರಮಣಿಯನ್ ಮತ್ತು ಪೊನ್ನುರಾಜ್ ಎಂಬ ವಿಜ್ಞಾನಿಗಳು ಕ್ಷ-ಕಿರಣಗಳ ಸಹಾಯದಿಂದ ಆ ವಿನ್ಯಾಸವನ್ನು ಬಿಡಿಸಿ 2010ರಲ್ಲಿ ಪ್ರಕಟಿಸಿದರು. ಸಸ್ಯದ ಯೂರಿಯೇಸಿನ ರೂಪವು ಲೋಕಕ್ಕೆ ಗೋಚರವಾದುದು ಅದೇ ಮೊದಲು.

ಅಲ್ಲಿ ಕಂಡುದೇನು? ಕಿಣ್ವದ ಒಡಲಿನಲ್ಲಿ ಒಂದು ಕಿರಿದಾದ ಕುಳಿ. ಅದರ ತಳದಲ್ಲಿ ನಿಕ್ಕಲ್ ಲೋಹದ ಎರಡು ಪರಮಾಣುಗಳು. ಮೇಲೆ ತೆರೆದು ಮುಚ್ಚುವ ಒಂದು ಮುಚ್ಚಳ. ಯೂರಿಯಾದ ಆಮ್ಲಜನಕವನ್ನು ನಿಕ್ಕಲ್ ಹಿಡಿಯುತ್ತದೆ. ಅದರ ಸಾರಜನಕದ ತುದಿಗಳನ್ನು ಸುತ್ತಲಿನ ಅಮೈನೋ ಆಮ್ಲಗಳು ಆತುಕೊಳ್ಳುತ್ತವೆ. ದೊಡ್ಡ ಅಣುಗಳಿಗೆ ಅಲ್ಲಿ ಎಡೆಯಿಲ್ಲ. ಬೀಗವೂ ಕೊಂಚ ಬಾಗಿಕೊಡುತ್ತದೆಯೆಂದು 1958ರಲ್ಲಿ ಕೋಶ್ಲೆಂಡ್ ಫಿಷರನ ಹೋಲಿಕೆಯನ್ನು ತಿದ್ದಿದ್ದನಷ್ಟೆ; ಈ ಮುಚ್ಚಳದ ಚಲನೆಯು ಆ ಮಾತಿಗೆ ಹೊಂದುತ್ತದೆ.

ಇದು ಕೇವಲ ಪ್ರಯೋಗಶಾಲೆಯ ವಿಷಯವೆಂದು ನಾವು ಭಾವಿಸಬೇಕಾಗಿಲ್ಲ. ನಮ್ಮ ಹೊಲಗಳ ತೊಗರಿಯ ಬೀಜದಲ್ಲಿಯೂ ಯೂರಿಯೇಸ್ ಇದೆ. ಮಣ್ಣಿನ ಸೂಕ್ಷ್ಮಜೀವಿಗಳೂ ಅದನ್ನು ಉತ್ಪಾದಿಸುತ್ತವೆ. ರೈತನು ಹಣ ತೆತ್ತು ತಂದ ಯೂರಿಯಾ ಗೊಬ್ಬರವನ್ನು ಅದು ಅಮೋನಿಯವಾಗಿ ಒಡೆಯುತ್ತದೆ. ನೆಲದ ಮೇಲೆಯೇ ಬಿಟ್ಟ ಗೊಬ್ಬರದ ಒಂದು ಪಾಲು ಹೀಗೆ ಗಾಳಿಗೆ ಹೋಗುತ್ತದೆ. ಈ ಬೀಗವನ್ನು ಕೆಲದಿನ ತಡೆಹಿಡಿಯುವ ವಸ್ತುಗಳನ್ನು ಗೊಬ್ಬರದೊಡನೆ ಬೆರೆಸುವ ಕ್ರಮವೂ ಇಂದು ಇದೆ. ಅದು ಕೈಗೆಟುಕದಿದ್ದಲ್ಲಿ, ಗೊಬ್ಬರವನ್ನು ಮಣ್ಣಿನಲ್ಲಿ ಮುಚ್ಚುವುದಾದರೂ ನಮ್ಮಿಂದ ಆಗತಕ್ಕ ಕೆಲಸವೇ ಆಗಿದೆ.