ತೋರಿಸದೆ ತೋರಿದ ನಟ

1946ರಲ್ಲಿ ತೆರೆಕಂಡ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಮರಳುವ ಮೂವರು ಅಮೆರಿಕನ್ ಯೋಧರ ಕಥೆ. ವಿಲಿಯಂ ವೈಲರ್ ನಿರ್ದೇಶಿಸಿದ ಈ ಚಿತ್ರಕ್ಕೆ ಏಳು ಆಸ್ಕರ್‌ಗಳು ಬಂದವು. ಫ್ರೆಡ್ರಿಕ್ ಮಾರ್ಚ್ ಶ್ರೇಷ್ಠ ನಟರಾದರು. ಸೇನಾ ತರಬೇತಿಯ ಸ್ಫೋಟದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಹೆರಾಲ್ಡ್ ರಸೆಲ್‌ಗೆ ಪೋಷಕ ನಟ ಪ್ರಶಸ್ತಿಯ ಜೊತೆಗೆ ಒಂದು ಗೌರವ ಆಸ್ಕರ್ ಕೂಡ ದೊರೆಯಿತು. ಮೂರನೆಯ ಯೋಧನಾಗಿ ನಟಿಸಿದ ಡೇನಾ ಆಂಡ್ರ್ಯೂಸ್ ಹೆಸರು ಮಾತ್ರ ನಾಮನಿರ್ದೇಶನದ ಪಟ್ಟಿಯಲ್ಲೂ ಇರಲಿಲ್ಲ. 1992ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಆ ಭಾಗ್ಯ ಬರಲೇ ಇಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಅವರು ನಟಿಸುತ್ತಿದ್ದುದು ಕಣ್ಣಿಗೆ ಬೀಳುತ್ತಿರಲಿಲ್ಲ. ‘ಲಾರಾ’ (1944) ಚಿತ್ರದಲ್ಲಿ ಅವರು ಸತ್ತಳೆಂದು ನಂಬಲಾದ ಹೆಣ್ಣಿಗೆ ಮನಸೋಲುವ ಪತ್ತೇದಾರ. ಆ ಮೋಹವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಂಗೈಯಗಲದ ಆಟಿಕೆಯೊಂದರಲ್ಲಿ ಪುಟ್ಟ ಗುಂಡುಗಳನ್ನು ಉರುಳಿಸುತ್ತ ಕೂರುತ್ತಾನೆ, ಅಷ್ಟೆ. (ಗಾಯನ ಕಲಿತಿದ್ದ ಆಂಡ್ರ್ಯೂಸ್, ‘ಸ್ಟೇಟ್ ಫೇರ್’ ಚಿತ್ರದಲ್ಲಿ ತಮ್ಮ ಹಾಡಿಗೆ ಬೇರೆಯವರು ದನಿ ನೀಡಿದಾಗಲೂ ಸುಮ್ಮನಿದ್ದರಂತೆ, ಆ ಗಾಯಕನ ಸಂಬಳ ತಪ್ಪದಿರಲೆಂದು.)

‘ಬೆಸ್ಟ್ ಇಯರ್ಸ್’ನ ಫ್ರೆಡ್ ಡೆರಿ ಬಾಂಬರ್ ವಿಮಾನದಲ್ಲಿ ಗುರಿ ಹಿಡಿಯುತ್ತಿದ್ದ ಕ್ಯಾಪ್ಟನ್. ಯುದ್ಧಕ್ಕೆ ಮುನ್ನ ಔಷಧಿ ಅಂಗಡಿಯಲ್ಲಿ ಸೋಡಾ, ಐಸ್‌ಕ್ರೀಂ ಕೊಡುತ್ತಿದ್ದವ. ಪದಕ ಹೊತ್ತು ಬಂದವನಿಗೆ ಸಿಗುವುದು ಹೆಚ್ಚುಕಡಿಮೆ ಅದೇ ಕೆಲಸ. ಅದೂ ಹೋಗುತ್ತದೆ, ಹೆಂಡತಿಯೂ ದೂರವಾಗುತ್ತಾಳೆ. ಊರು ಬಿಡಲು ಹೊರಟ ಮಗನ ಪ್ರಶಸ್ತಿಪತ್ರವನ್ನು ಬಡ ತಂದೆ ಗಟ್ಟಿಯಾಗಿ ಓದುತ್ತಾನೆ: ತೀವ್ರವಾಗಿ ಗಾಯಗೊಂಡು ರಕ್ತ ಸುರಿಯುತ್ತಿದ್ದರೂ ತೆವಳಿಕೊಂಡು ಬಂದು ದಾಳಿ ಪೂರೈಸಿದ ವಿವರ. ಫ್ರೆಡ್ ಅಲ್ಲಿಲ್ಲ. ವಿಮಾನ ನಿಲ್ದಾಣದಲ್ಲಿ, ಗುಜರಿಗೆ ಬಿದ್ದ ನೂರಾರು ಯುದ್ಧವಿಮಾನಗಳ ನಡುವೆ ಅಲೆಯುತ್ತಿದ್ದಾನೆ.

ಒಂದರ ಮೂತಿಯೊಳಗೆ ತೂರಿ ತನ್ನ ಹಳೆಯ ಜಾಗದಲ್ಲಿ ಕೂರುತ್ತಾನೆ. ವಿಮಾನಕ್ಕೆ ಎಂಜಿನ್‌ಗಳೇ ಇಲ್ಲ. ಹ್ಯೂಗೊ ಫ್ರೀಡ್‌ಹೋಫರ್ ಅವರ ಸಂಗೀತವೇ ಎಂಜಿನ್ನಿನ ಮೊರೆತವಾಗಿ ಏರುತ್ತದೆ. ಗ್ರೆಗ್ ಟೋಲಂಡ್ ಅವರ ಕ್ಯಾಮೆರಾ ಹತ್ತಿರ ಸರಿಯುತ್ತದೆ. ಇನ್ನೊಬ್ಬ ನಟನಾಗಿದ್ದರೆ ಇಲ್ಲಿ ತಲೆ ಹಿಡಿದುಕೊಂಡು ಬಿಕ್ಕುತ್ತಿದ್ದ. ಆಂಡ್ರ್ಯೂಸ್ ಏನೂ ಮಾಡುವುದಿಲ್ಲ. ಮುಖದ ಮೇಲೆ ಬೆವರು, ಎಲ್ಲೋ ನೆಟ್ಟ ಕಣ್ಣು. ತಂದೆ ಓದಿದ್ದನ್ನು ಕೇಳಿಸಿಕೊಂಡ ನಾವೇ ಆ ಮುಖದಲ್ಲಿ ಉಳಿದದ್ದನ್ನು ತುಂಬಿಕೊಳ್ಳುತ್ತೇವೆ.

ಕೆಳಗಿನಿಂದ ಗುಜರಿಯ ಮೇಸ್ತ್ರಿ ಕೂಗಿ ಎಬ್ಬಿಸುತ್ತಾನೆ. ಈ ಲೋಹದಿಂದ ಮನೆ ಕಟ್ಟುವ ಸಾಮಗ್ರಿ ಮಾಡುತ್ತಾರೆಂದು ತಿಳಿದ ಫ್ರೆಡ್, ಇಳಿದು ಬಂದು ಅವನ ಬಳಿಯೇ ಕೆಲಸ ಕೇಳುತ್ತಾನೆ. ಆಗಲೂ ದನಿ ಎತ್ತರಿಸುವುದಿಲ್ಲ.