ಕೋಸಗಿ ಸೀಮೆಯ ಮನೆಯೂಟ ಮತ್ತು ಮನೆಮಾತು

ಹೊರನಾಡ ಕನ್ನಡಿಗರೆಂದೊಡನೆ ಮುಂಬಯಿ, ದೆಹಲಿ, ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದವರು ನೆನಪಿಗೆ ಬರುತ್ತಾರೆ. ಅವರು ಊರು ಬಿಟ್ಟು ಹೋದವರು. ಊರಿನಲ್ಲಿಯೇ ಇದ್ದು ಹೊರನಾಡಿಗರಾದವರೂ ಉಂಟು. ಆದವಾನಿ ಸೀಮೆಯ ಕೋಸಗಿಯವರಾದ ನಾವು ಅಂಥವರು. ಪರನಾಡಿನ ಊಟಕ್ಕೂ ಬಾಳುವೆಗೂ ಹೊಂದಿಕೊಳ್ಳುವ ಪ್ರಶ್ನೆ ನಮ್ಮ ಹೊಸ್ತಿಲಿಗೇ ಬಂದು ನಿಂತಿತು.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಇಲ್ಲಿಯ ಕಲೆಕ್ಟರನಾಗಿ ಬಂದನು. ಮುಂದೆ ಆದವಾನಿಯು ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕಾಯಿತು. 1871ರಲ್ಲಿ ಮದರಾಸಿನ ರೈಲುದಾರಿಯು ರಾಯಚೂರಿನಲ್ಲಿ ಮುಂಬಯಿಯ ದಾರಿಯನ್ನು ಕೂಡಿದಾಗ ಕೋಸಗಿಯೂ ಆ ಹೆದ್ದಾರಿಯ ಮೇಲಿನ ಊರಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿತು. ಅಂದು ಬಳ್ಳಾರಿ ಜಿಲ್ಲೆಯ 10 ತಾಲ್ಲೂಕುಗಳ ಪೈಕಿ 7 ಮೈಸೂರು ರಾಜ್ಯಕ್ಕೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. 1956ರ ನವೆಂಬರ್ 1ರಂದು ತುಂಗಭದ್ರೆಯ ಆಚೆಯ ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ನಮ್ಮ ಹೊಲ, ಮನೆ, ಬಾವಿಗಳು ಇದ್ದಲ್ಲಿಯೇ ಇದ್ದವು. ಕಚೇರಿಯ ಭಾಷೆ ಮತ್ತು ಜಿಲ್ಲೆಯ ಹೆಸರು ಬದಲಾದವು.

ಆದರೆ ಗಡಿಯು ಅಡುಗೆಮನೆಯನ್ನು ಕೂಡಲೇ ಮುಟ್ಟಲಿಲ್ಲ. ಎರೆಹೊಲದ ಬಿಳಿಜೋಳ, ಮಸಾರಿಯ ಸಜ್ಜೆ ಮತ್ತು ನವಣೆ ಸಿರುಗುಪ್ಪದಲ್ಲಿದ್ದಂತೆಯೇ ಇಲ್ಲಿಯೂ ಇದ್ದವು. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ, ಶೇಂಗಾ ಚಟ್ನಿ, ಬೆಳಗಿನ ಉಗ್ಗಾಣಿ, ಇವುಗಳಲ್ಲಿ ಈಚೆ ಆಚೆ ಎಂಬ ಭೇದವಿರಲಿಲ್ಲ. ಸಿರುಗುಪ್ಪ, ಮಾನ್ವಿಗಳ ಕಡೆ ಹೆಣ್ಣು ಕೊಡುವುದೂ ತರುವುದೂ ನಿಲ್ಲಲಿಲ್ಲ. ಹೊರಗೆ ತೆಲುಗಿನಲ್ಲಿ ವ್ಯವಹರಿಸಿ ಬಂದವರು ಒಲೆಯ ಮುಂದೆ ಕುಳಿತು ಕನ್ನಡವಾಡಿದರು. ನಸುಕಿನಲ್ಲಿ ಬೀಸುವಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡು ಕನ್ನಡದ್ದಾಗಿತ್ತು. ಶಾಲೆಯಲ್ಲಿ ದೊರೆಯದ ನುಡಿಯನ್ನು ಎಷ್ಟೋ ಮಕ್ಕಳು ಈ ಹಿಟ್ಟಿನ ಸದ್ದಿನೊಡನೆ ಕಲಿತರು.

ಮನೆಯೊಳಗಿನ ಬದಲಾವಣೆ ಅಕ್ಕಿಯೊಡನೆ ಬಂದಿತು. 1983ರಲ್ಲಿ ಮುಖ್ಯಮಂತ್ರಿಯಾದ ಎನ್. ಟಿ. ರಾಮರಾವ್ ಅವರು ಕಿಲೋಗೆ 2 ರೂಪಾಯಿಯಂತೆ ಬಡವರಿಗೆ ಅಕ್ಕಿ ಕೊಡುವ ಯೋಜನೆಯನ್ನು ಜಾರಿಗೆ ತಂದರು. ಮೇಲಿಂದ ಮೇಲೆ ಬರಗಾಲ ಕಂಡ ಸೀಮೆಗೆ ಅದು ದೊಡ್ಡ ಆಸರೆ. ಹಬ್ಬದ ಅನ್ನವು ನಿತ್ಯದ ಅನ್ನವಾಯಿತು. ಅದರೊಡನೆ ಒಂದು ನಷ್ಟವೂ ಸೇರಿಬಂದಿತು. ಜೋಳ ಕಡಿಮೆಯಾದ ಹೊಲದಲ್ಲಿ ದನಗಳ ಮೇವೂ ಕಡಿಮೆಯಾಯಿತು. ಬೀಸುವಕಲ್ಲು ಮೂಲೆ ಸೇರಿತು. ರೊಟ್ಟಿ ತಟ್ಟುವ ಕೈಗಳೊಂದಿಗೆ ನುಚ್ಚು, ಸಂಗಟಿ, ಕೊಣಮಿಗೆ, ಹಂಚುಗಳ ಮಾತೂ ವಿರಳವಾಯಿತು.

ಮೂರನೆಯ ಘಟ್ಟವು ವಲಸೆಯದು. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಸೀಮೆಯ ಕುಟುಂಬಗಳು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರು, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಒಣರೊಟ್ಟಿಯ ಗಂಟೂ ಚಟ್ನಿಪುಡಿಯೂ ಜೊತೆಗೆ ಹೊರಡುತ್ತವೆ. ಗಂಟು ಬರಿದಾದ ಮೇಲೆ ಅನ್ನವೇ ಗತಿ. ನಮ್ಮ ಪುಂಡಿಯೇ ಅಲ್ಲಿ ಗೋಂಗೂರವೆಂಬ ಹೆಸರಿನಿಂದ, ರೊಟ್ಟಿಯ ಬದಲು ಅನ್ನದ ಜೊತೆಗೆ ಎಲೆಗೆ ಬರುತ್ತದೆ. ನಾಲಿಗೆಗೆ ಗುರುತಾದ ಹುಳಿ, ಕಿವಿಗೆ ಹೊಸ ಹೆಸರು. ಊರಿನಲ್ಲಿ ಮುದುಕರು ಉಳಿಯುತ್ತಾರೆ; ಜೊತೆಗೆ ಹೋದ ಮಕ್ಕಳಿಗೆ ಶಾಲೆಯ ವರ್ಷದ ಬಹುಭಾಗ ತಪ್ಪುತ್ತದೆ. ಬೆಂಗಳೂರಿಗೆ ಹೋದವರು ಕನ್ನಡದಲ್ಲಿಯೇ ಮಾತನಾಡಿದರೂ ಅವರ ಪಡಿತರ ಚೀಟಿ ಆಂಧ್ರದ್ದು.

ಕಡಲಾಚೆ ನೆಲೆಸಿದ ನಮ್ಮ ಬಂಧುಗಳು ಅಂಗಡಿಗಳಲ್ಲಿ ಜೋಳದ ಹಿಟ್ಟನ್ನು ಹುಡುಕಿ ತಂದು, ರಜೆಯ ದಿನ ಮಕ್ಕಳ ಮುಂದೆ ರೊಟ್ಟಿ ತಟ್ಟುವುದನ್ನು ಬಲ್ಲೆವು. ಅವರಿಗೂ ನಮಗೂ ಇರುವ ಸಂಬಂಧ ಇದೇ. ಹೊಸ ನೆಲದ ಊಟವನ್ನು ಗೌರವದಿಂದ ಉಣ್ಣಬೇಕು, ಅಲ್ಲಿಯ ನುಡಿಯನ್ನು ಚೆನ್ನಾಗಿ ಕಲಿಯಬೇಕು. ತೆಲುಗು ನಮಗೆ ಅನ್ನ ಕೊಟ್ಟ ನುಡಿ, ನೆರೆಯವರ ನುಡಿ. ಆದರೆ ಮನೆಯ ಊಟಕ್ಕೆ ಮನೆಯ ಹೆಸರು ಉಳಿಯಲಿ. ಗಡಿಯ ಕನ್ನಡ ಶಾಲೆಗಳ ಬಗೆಗೆ ಸರಕಾರಗಳಲ್ಲಿ ಮೊರೆಯಿಡುವುದು ಸಂಘಗಳ ಕರ್ತವ್ಯ. ಮಗುವಿನ ತಟ್ಟೆಗೆ ಬಡಿಸಿದ್ದನ್ನು ಕನ್ನಡದಲ್ಲಿ ಹೆಸರಿಸುವುದು ಮನೆಯವರ ಕರ್ತವ್ಯ. ಸಜ್ಜೆ, ನವಣೆಗಳಿಗೆ ಈಗ ಪೇಟೆಯಲ್ಲಿ ಮತ್ತೆ ಬೆಲೆ ಬಂದಿದೆ. ಆ ಕಾಳುಗಳು ಮನೆಗೆ ಮರಳುವಾಗ ಅವುಗಳ ಕನ್ನಡ ಹೆಸರುಗಳನ್ನೂ, ಬೀಸುವ ಹಾಡುಗಳನ್ನೂ ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರಿಂದ ಕೇಳಿ ಬರೆದಿಡುವ ಕೆಲಸವನ್ನು ಸಂಘದ ಪ್ರತಿಯೊಂದು ಮನೆಯೂ ಈ ವರ್ಷವೇ ಕೈಗೊಳ್ಳಲೆಂದು ಪ್ರಾರ್ಥಿಸುತ್ತೇವೆ.